ಹಿಸ್ಸೆಗೆ ಬಂದ ಎಡರೆಕ್ಕೆ

ಅಟ್ಟದ ಮೇಲಿದ್ದ ರಟ್ಟಿನ ಪೆಟ್ಟಿಗೆಗೆ ಗೆದ್ದಲು ಹತ್ತುತ್ತಿದೆ ಎಂದು ಹೆಂಡತಿ ಸುಮನಾ ಹೇಳದೇ ಹೋಗಿದ್ದರೆ ದಿನೇಶ ಅದನ್ನು ಕೆಳಗಿಳಿಸುತ್ತಲೇ ಇರಲಿಲ್ಲ. ಎರಡು ಮಳೆಗಾಲ ಅದು ಹಳೇ ಗೋಣಿಚೀಲಗಳ ಕೆಳಗೆ ಬಿದ್ದಿತ್ತು. ಮರೆತು ಬಿಟ್ಟದ್ದಲ್ಲ, ಹಟಕ್ಕೆ ಬಿಟ್ಟದ್ದು. ಅದರೊಳಗಿದ್ದದ್ದು ಅರ್ಧ ವಿಮಾನ. ಉಳಿದರ್ಧ ಸಾಗರದಲ್ಲಿ, ತಮ್ಮ ಕಿರಣನ ಮನೆಯಲ್ಲಿತ್ತು.

ವಿಮಾನ ಅರ್ಧರ್ಧವಾದ ಕತೆಯನ್ನು ಮೊದಲು ಹೇಳಿಬಿಡುವುದು ಒಳ್ಳೆಯದು. ದಿನೇಶನಿಗೆ ಕೋಣಂದೂರಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಕಿರಣನದ್ದು ಮದುವೆ ವಿಡಿಯೋ ಕಸುಬು. ಡ್ರೋನ್ ಹಾರಿಸಿ ಮದುಮಕ್ಕಳ ನೆತ್ತಿಯ ಮೇಲಿಂದ ಚಿತ್ರ ತೆಗೆಯುವುದರಲ್ಲಿ ಸುತ್ತಲಿನ ಮೂರು ತಾಲ್ಲೂಕಿಗೂ ಅವನೇ ಬೇಕು. ಇಬ್ಬರೂ ಒಂದೇ ಮನೆಯಲ್ಲಿದ್ದ ಕಾಲಕ್ಕೆ ಥರ್ಮೋಕೋಲಿನ ಸಣ್ಣ ವಿಮಾನಗಳನ್ನು ಗದ್ದೆಬಯಲಿನಲ್ಲಿ ಹಾರಿಸುವುದು, ಹಲಸಿನ ಮರಕ್ಕೆ ಸಿಕ್ಕಿಸುವುದು, ದೋಟಿ ತಂದು ಇಳಿಸುವುದು, ಗಮ್ ಹಚ್ಚಿ ಮತ್ತೆ ಹಾರಿಸುವುದು ನಡೆದೇ ಇತ್ತು. ಆ ಹುಚ್ಚು ಬಲಿತು ಕೊನೆಗೆ ಇಬ್ಬರೂ ಸೇರಿ ಬೆಂಗಳೂರಿನಿಂದ ದೊಡ್ಡದೊಂದು ರೇಡಿಯೋ ವಿಮಾನದ ಕಿಟ್ ತರಿಸಿದರು. ಜೋಡಿಸಿದರೆ ರೆಕ್ಕೆಯ ಈ ತುದಿಯಿಂದ ಆ ತುದಿಗೆ ಒಂದಾಳಿಗಿಂತ ಉದ್ದ. ಅದು ಎರಡು ಪೆಟ್ಟಿಗೆಗಳಲ್ಲಿ ಬಂದಿಳಿಯುವ ಹೊತ್ತಿಗೆ ಮನೆಯಲ್ಲಿ ಹಿಸ್ಸೆಯ ಮಾತು ಬೆಳೆದಿತ್ತು. ಹಿಸ್ಸೆ ಯಾಕಾಯಿತು ಎಂದು ಕೇಳಿದರೆ ಈಗಲೂ ಇಬ್ಬರ ಹತ್ತಿರವೂ ನೆಟ್ಟಗಿನ ಉತ್ತರವಿಲ್ಲ. ಬಚ್ಚಲ ಒಲೆಗೆ ಸೌದೆ ಯಾರು ಒಟ್ಟಬೇಕು ಎಂಬಲ್ಲಿ ಶುರುವಾದದ್ದು ಬಾವಿಯ ಪಂಪಿಗೆ ಬಂತು, ಅಲ್ಲಿಂದ ಜಮೀನಿಗೆ ಇಳಿಯಿತು, ಅಷ್ಟೆ.

ಪಾಲು ಮಾಡಲು ಕೂತವನು ಸೋದರಮಾವ ಹುಲಿಯಪ್ಪ. ನ್ಯಾಯವಂತನೇ, ಆದರೆ ಅವನ ನ್ಯಾಯ ಎಣಿಕೆಯ ನ್ಯಾಯ. ಎರಡು ಹಂಡೆ ಇದ್ದರೆ ಒಂದೊಂದು, ಎರಡು ಏಣಿ ಇದ್ದರೆ ಒಂದೊಂದು. ಮೂಲೆಯಲ್ಲಿ ಇನ್ನೂ ಬಿಚ್ಚದ ಎರಡು ಪೆಟ್ಟಿಗೆಗಳನ್ನು ಕಂಡವನೇ, "ಇವೆಂತದು?" ಅಂದ. ಯಾರೋ "ವಿಮಾನ" ಅಂದರು. "ಎರಡಿದಾವಲ, ಒಂದೊಂದು ತಗಳಿ," ಎಂದು ತೀರ್ಪು ಕೊಟ್ಟು ಎಲೆ ಮಡಚಿ ಬಾಯಿಗೆ ಹಾಕಿಕೊಂಡ. ಅದು ಎರಡು ವಿಮಾನವಲ್ಲ, ಒಂದೇ ಎಂದು ಒಬ್ಬನಾದರೂ ಬಾಯಿ ಬಿಡಬೇಕಿತ್ತು. ತಮ್ಮ ಹೇಳಲಿ ಎಂದು ದಿನೇಶ ಸುಮ್ಮನಿದ್ದ. ಅಣ್ಣ ಹೇಳಲಿ ಎಂದು ಕಿರಣ ಸುಮ್ಮನಿದ್ದ. ಹಾಗೆ ಒಬ್ಬೊಬ್ಬರು ಒಂದೊಂದು ಪೆಟ್ಟಿಗೆ ಹೊತ್ತುಕೊಂಡರು. ಜಾಣರೆನಿಸಿಕೊಂಡ ಇಬ್ಬರು ಗಂಡಸರು ಇಂಥ ಕೆಲಸ ಮಾಡಬಲ್ಲರೇ ಎಂದು ಕೇಳಿದರೆ, ಹಿಸ್ಸೆಗೆ ಕೂತವರು ಏನು ಬೇಕಾದರೂ ಮಾಡಬಲ್ಲರು.

ಜಮೀನು ಹೋದದ್ದು, ಬಾವಿ ಹೋದದ್ದು ದಿನೇಶನಿಗೆ ಅಷ್ಟು ನಾಟಲಿಲ್ಲ. ನಾಟಿದ್ದು ಒಂದು ಮಾತು. ಕಿರಣ ಸಾಗರಕ್ಕೆ ಹೋಗಿ ಸಂಸಾರ ಹೂಡಿದ ಮೇಲೆ, ವಿದ್ಯುತ್ ಮೀಟರಿನ ವಿಷಯಕ್ಕೆ ಒಮ್ಮೆ ಫೋನು ಮಾಡಿದವನು, "ನೀವು ಸಹಿ ಹಾಕಿದ್ರೆ ಸಾಕು," ಅಂದ. ದಿನೇಶ ಫೋನನ್ನು ಕಿವಿಯಿಂದ ತೆಗೆದು ಬೇರೆ ಯಾರಾದರೂ ಮಾತಾಡುತ್ತಿದ್ದಾರೋ ಎಂದು ಹೆಸರು ನೋಡಿದ. ಹುಟ್ಟಿದಾಗಿನಿಂದ "ಏ ಅಣ್ಣ, ನೀನು" ಎಂದೇ ಕರೆಯುತ್ತಿದ್ದವನು! ಆ ಮನೆಯಲ್ಲಿ ನೀವು ಎನ್ನಿಸಿಕೊಳ್ಳುತ್ತಿದ್ದವರು ನೆಂಟರು, ಮೇಷ್ಟ್ರು ಮತ್ತು ಕರೆಂಟ್ ಬಿಲ್ಲಿನವನು. ತಾನು ಆ ಸಾಲಿಗೆ ಸೇರಿದೆನೆಂದು ದಿನೇಶನಿಗೆ ಅವತ್ತು ತಿಳಿಯಿತು. ಅವನಿಗೆ ತುಂಬ ನೋವಾಯಿತು.

ಸುಮನಾಳ ಹತ್ತಿರ ಹೇಳಿಕೊಂಡರೆ ಅವಳು ನಕ್ಕುಬಿಟ್ಟಳು. "ಊರಲ್ಲೆಲ್ಲ ಮರ್ಯಾದೆ ಕೊಡ್ಲಿಲ್ಲ ಅಂತ ಜಗಳ ಆಡ್ತಾರೆ. ನಿಮ್ದೊಂದು, ಮರ್ಯಾದೆ ಕೊಟ್ಟ ಅಂತ. ನಾನೂ ನೀವು ಅಂತೀನಲ್ಲ, ನನ್ ಮೇಲೂ ಸಿಟ್ಟಾ?"

"ನೀನು ಅನ್ನೋದು ಬ್ಯಾರೆ ಮಾರಾಯ್ತಿ. ಅಂವ ಅನ್ನೋದು ಬ್ಯಾರೆ."

ದಿನೇಶನೂ ಹಟ ಕಟ್ಟಿದ. ತಿರುಗಿ ನೀವು ಅನ್ನಲು ನಾಲಿಗೆ ಏಳದು, ನೀನು ಅನ್ನಲು ಮನಸ್ಸು ಒಪ್ಪದು. ಹಾಗಾಗಿ ತಮ್ಮನ ಹತ್ತಿರ ನೀನೂ ಇಲ್ಲದ, ನೀವೂ ಇಲ್ಲದ ಒಂದು ಭಾಷೆ ಕಲಿತ. "ಊಟ ಆಯ್ತಾ" ಅನ್ನುವ, "ಬರೋದಾದ್ರೆ ಬರಬಹುದು" ಅನ್ನುವ, ಯಾರಿಗೆ ಹೇಳಿದ್ದೆಂದು ಗೋಡೆಗೂ ಗೊತ್ತಾಗದ ಭಾಷೆ. ಕನ್ನಡದಲ್ಲಿ ಅದಕ್ಕೆಲ್ಲ ಅನುಕೂಲ ಉಂಟು.

ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತಿದ್ದಾಗ ಪೆಟ್ಟಿಗೆ ಜಗಲಿಗೆ ಬಂತು. ಗೆದ್ದಲು ಹೊರಗಿನ ರಟ್ಟನ್ನಷ್ಟೇ ರುಚಿ ನೋಡಿತ್ತು. ಅಮ್ಮ ಗುತ್ಯಮ್ಮ ಅಡಿಕೆ ಕತ್ತರಿಸುತ್ತಿದ್ದವಳು ಕೆಲಸ ಬಿಟ್ಟು ಬಂದು ಕಂಬಕ್ಕೊರಗಿ ಕೂತಳು. ದಿನೇಶ ಟೇಪು ಕೊಯ್ದು, ಮೇಲಿನ ಫೋಮ್ ಹಾಳೆ ತೆಗೆದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಡಲನ್ನು ಎರಡೂ ಕೈಯಲ್ಲಿ ಎತ್ತಿದ. ಇಷ್ಟುದ್ದದ ವಸ್ತು ಇಷ್ಟು ಹಗುರವಿದ್ದದ್ದು ನೋಡಿ ಅವನ ಕೈಯೇ ಒಂದು ಕ್ಷಣ ಮೋಸಹೋಯಿತು. ತೆಳುವಾದ ಮರದ ಚೌಕಟ್ಟು, ಮೇಲೆ ಕೆಂಪು ಬಿಳಿ ಹೊದಿಕೆ. ಅದರ ಕೆಳಗೆ ಬ್ಯಾಟರಿ, ಮೋಟಾರು, ಮತ್ತೊಂದು ಪದರ ಫೋಮ್ ಹಾಳೆ. ಅದನ್ನೂ ತೆಗೆದರೆ ರೆಕ್ಕೆ. ಒಂದೇ ರೆಕ್ಕೆ.

ದಿನೇಶ ಪೆಟ್ಟಿಗೆಯನ್ನು ಬೋರಲು ಹಾಕಿ ಬಡಿದ. ಎರಡು ಮೊಳೆ, ಒಂದು ಸತ್ತ ಜಿರಳೆ ಬಿದ್ದವು. ಬಾಲವಿಲ್ಲ, ಚಕ್ರವಿಲ್ಲ, ರಿಮೋಟ್ ಇಲ್ಲ, ಹೇಗೆ ಜೋಡಿಸಬೇಕೆಂದು ಹೇಳುವ ಪುಸ್ತಕವೂ ಇಲ್ಲ. ರೆಕ್ಕೆಯ ಬುಡದಲ್ಲಿ ಎಡ ಎಂಬರ್ಥದ ಒಂದು ಇಂಗ್ಲಿಷ್ ಅಕ್ಷರವಿತ್ತು.

"ಎಡಗಡೆದು ನಿಂಗೆ, ಬಲಗಡೆದು ಅವಂಗೆ," ಅಂದಳು ಗುತ್ಯಮ್ಮ. "ಹುಲಿಯಪ್ಪ ಬಿಚ್ಚಿ ನೋಡಿ ಹಂಚಿದ್ರೂ ಇಷ್ಟು ಸಮ ಬರ್ತಿರ್ಲಿಲ್ಲ."

"ಒಂದ್ ರೆಕ್ಕೆಲಿ ಎಂತ ಮಾಡದು ಅವ್ವ?"

"ನನ್ನೆಂತಕೆ ಕೇಳ್ತೀಯ? ಇನ್ನೊಂದು ಯಾರತ್ರ ಉಂಟೋ ಅವನ್ನ ಕೇಳಾ."

ಕೇಳುವುದೇ ಕಷ್ಟವಿತ್ತು. ದಿನೇಶ ಮೂರು ದಿನ ವಿಮಾನದ ಒಡಲನ್ನು ಜಗಲಿಯ ಬೆಂಚಿನ ಮೇಲಿಟ್ಟು ಸುತ್ತುಹಾಕಿದ. ರೆಕ್ಕೆಯ ಹಿಂಬದಿಗೆ ಉದ್ದ ಪಟ್ಟಿಯೊಂದನ್ನು ಕೂರಿಸಬೇಕು, ಅದು ಮೇಲೆ ಕೆಳಗೆ ಆಡಬೇಕು ಎಂಬಷ್ಟು ಗೊತ್ತಿತ್ತು. ಯಾವ ರಂಧ್ರಕ್ಕೆ ಯಾವ ಕೀಲು ಎಂದು ಗೊತ್ತಿರಲಿಲ್ಲ. ಅಂದಾಜಿಗೆ ಅಂಟಿಸಿದರೆ ಆಮೇಲೆ ಕೀಳಲು ಬಾರದು. ಕೊನೆಗೆ ಅಂಗಡಿಯಲ್ಲಿ ಕೂತು, ಬರೆದು ಅಳಿಸಿ, ತನ್ನ ಆ ಹೊಸ ಭಾಷೆಯಲ್ಲಿ ಒಂದು ವಾಟ್ಸಾಪ್ ಕಳಿಸಿದ: "ವಿಮಾನದ ಪುಸ್ತಕ ಅಲ್ಲಿದ್ದರೆ ರೆಕ್ಕೆಯ ಪುಟದ ಫೋಟೋ ಬೇಕಿತ್ತು."

ಉತ್ತರ ಎಷ್ಟು ಬೇಗ ಬಂತೆಂದರೆ, ತಮ್ಮ ಪುಸ್ತಕವನ್ನು ಕೈಯಲ್ಲೇ ಹಿಡಿದು ಕೂತಿದ್ದನೇನೋ ಅನ್ನಿಸಿತು. ಪುಟದ ಫೋಟೋ ಸ್ಪಷ್ಟವಾಗಿತ್ತು. ಕೆಳಗೆ, "ನೀವು ಕೇಳಿದ್ದು ಇದೇನಾ ನೋಡಿ."

ನೋಡಿ ಅಂತೆ. ದಿನೇಶ ಫೋನನ್ನು ಮೇಜಿನ ಮೇಲೆ ಕುಕ್ಕಿದ. ಆದರೆ ಪುಟ ಬೇಕಿತ್ತಲ್ಲ, ಮತ್ತೆ ಎತ್ತಿಕೊಂಡ.

ಅಲ್ಲಿಂದ ಕೆಲಸ ಪುಟ ಪುಟವಾಗಿ ಸಾಗಿತು. ಅಂಗಡಿ ಮುಚ್ಚಿ ಬಂದವನು ಸಂಜೆ ಬೆಳಕಿನಲ್ಲಿ ಕೀಲುಗಳನ್ನು ಸೀಳಿಗೆ ತೂರಿಸಿ, ಸೂಜಿಯ ಮೊನೆಯಷ್ಟು ಅಂಟು ಬಿಟ್ಟು, ಪಟ್ಟಿಯನ್ನು ಆಡಿಸಿ ನೋಡುತ್ತಿದ್ದ. ಪಟ್ಟಿಯನ್ನು ಎಳೆಯುವ ಬೆಂಕಿಪೊಟ್ಟಣದಷ್ಟು ಮೋಟಾರನ್ನು ರೆಕ್ಕೆಯ ಹೊಟ್ಟೆಯಲ್ಲಿ ಕೂರಿಸಿ ತಂತಿಯನ್ನು ನೂಲು ಕಟ್ಟಿ ಬುಡದವರೆಗೆ ಎಳೆದ. ಮಲೆನಾಡಿನ ಥಂಡಿಗೆ ರೆಕ್ಕೆಯ ಹೊದಿಕೆ ನೆರಿಗೆಗಟ್ಟಿತ್ತು. ಪುಸ್ತಕದ ಪ್ರಕಾರ ಅದಕ್ಕೆ ಇಸ್ತ್ರಿ ಹಾಕಬೇಕು. ದಿನೇಶ ಇಸ್ತ್ರಿಪೆಟ್ಟಿಗೆ ಹಿಡಿದದ್ದು ಕಂಡು ಸುಮನಾ ಓಡಿಬಂದು ಕಸಿದುಕೊಂಡಳು.

"ನಿಮ್ಮ ಅಂಗಿಗೆ ಒಂದಿನ ಹಾಕ್ಲಿಲ್ಲ, ಇದಕ್ಕೆ ಹಾಕ್ತೀರ? ಸುಟ್ಟು ಹಾಕ್ತೀರ, ಆಚೆ ಸರೀರಿ." ಹಳೇ ಪಂಚೆಯ ಚೂರು ಮೇಲಿಟ್ಟು, ರೇಷ್ಮೆ ಸೀರೆಗೆ ಹಾಕುವಂತೆ ಮೆತ್ತಗೆ ಎಳೆದಳು. ನೆರಿಗೆಗಳು ಒಂದೊಂದಾಗಿ ಮಾಯವಾಗಿ ಹೊದಿಕೆ ಬಿಗಿಯಾಯಿತು. ಬೆರಳಲ್ಲಿ ತಟ್ಟಿದರೆ ಟಣ್ ಅಂದಿತು. ಅವಳಿಗೂ ಖುಷಿಯಾಯಿತು, ಆದರೆ ತೋರಿಸಿಕೊಳ್ಳಲಿಲ್ಲ.

ಅತ್ತ ಸಾಗರದಲ್ಲಿಯೂ ಕೆಲಸ ನಡೆದಿತ್ತು. ಒಂದು ದಿನ ಕೇಳದೆಯೇ ಒಂದು ಫೋಟೋ ಬಂತು. ಸಾಗರದ ಮನೆಯ ಹಾಲಿನ ನೆಲದ ಮೇಲೆ ಬಲರೆಕ್ಕೆ, ಪಟ್ಟಿ ಕೂರಿಸಿ ಮುಗಿದದ್ದು. "ಇಲ್ಲಿ ಆಯ್ತು. ನಿಮ್ಮದು ಎಲ್ಲಿಗೆ ಬಂತು?" ದಿನೇಶ ತನ್ನ ಎಡರೆಕ್ಕೆಯ ಫೋಟೋ ಕಳಿಸಿದ. ಹೀಗೆ ಎರಡು ಊರಿನಲ್ಲಿ ಒಂದೇ ವಿಮಾನ ಕಟ್ಟಲಾಯಿತು. ಎಷ್ಟು ಫೋಟೋ ಬಂದರೂ ದಿನೇಶ ಮೊದಲು ಓದುತ್ತಿದ್ದದ್ದು ಕೆಳಗಿನ ಬರಹ. ಇವತ್ತಾದರೂ ನೀನು ಅಂದನೇ ಎಂದು. ಅಂದಿರಲಿಲ್ಲ.

ಎರಡೂ ರೆಕ್ಕೆಗಳನ್ನು ಒಡಲಿನ ಮೂಲಕ ಸೇರಿಸುವುದು ಒಂದು ಅಲ್ಯೂಮಿನಿಯಂ ಕೊಳವೆ. ಅದು ಕಿರಣನ ಪಾಲಿಗೆ ಬಂದಿತ್ತು. ಅದು ತೂರುವ ರಂಧ್ರ ಥಂಡಿಗೆ ಉಬ್ಬಿ ಬಿಗಿಯಾಗಿದೆಯೋ ಏನೋ, ಮೊದಲೇ ಹಾಕಿ ನೋಡಬೇಕಿತ್ತು. ಗುತ್ಯಮ್ಮ ಕಿರಿಮಗನ ಮನೆಗೆ ಹೋದವಳು ವಾಪಸ್ ಬರುವಾಗ ಅದನ್ನು ಕೈಯಲ್ಲಿ ಹಿಡಿದೇ ಬಂದಳು. ಹೊಸನಗರದಲ್ಲಿ ಬಸ್ಸು ಬದಲಿಸುವಾಗ ಅದನ್ನೇ ಊರಿಕೊಂಡು ಇಳಿದಳಂತೆ. ಹೊಳೆಯುವ ಕೋಲು ಕಂಡು ಕಂಡಕ್ಟರು, ಅಜ್ಜಿಗೆ ಆಪರೇಷನ್ ಆಗಿದೆ, ಏಳಿ ಎಂದು ಮುಂದಿನ ಸೀಟು ಬಿಡಿಸಿಕೊಟ್ಟನಂತೆ.

"ವಿಮಾನದ್ದು ಅಂತ ಹೇಳ್ಬೇಕಿತ್ತು," ಅಂದ ದಿನೇಶ.

"ಹೇಳಿದ್ರೆ ಸೀಟು ಕೊಡ್ತಿದ್ನಾ?" ಅಂದಳು. ಆಮೇಲೆ ಕೊಳವೆಯನ್ನು ಅವನ ಕೈಗಿಡುತ್ತಾ, "ಅಂವನೂ ರಾತ್ರಿ ಹಗಲು ಅದ್ನೇ ಹಿಡ್ಕಂಡು ಕೂತಿದಾನೆ. ಮುಖ ಮಾತ್ರ ನಿಂದೇ ಥರ ಊದಿಸ್ಕಂಡು," ಅಂದಳು.

ಕೊಳವೆ ನಿಜಕ್ಕೂ ಅರ್ಧಕ್ಕೇ ನಿಂತಿತು. ದಿನೇಶ ಕೋಲಿಗೆ ಮರಳುಕಾಗದ ಸುತ್ತಿ ರಂಧ್ರವನ್ನು ನಿಧಾನವಾಗಿ ತೀಡಿದ. ಆಮೇಲೆ ಕೊಳವೆ ಸಲೀಸಾಗಿ ಹೋಗಿ ಆಚೆ ಬದಿಯಲ್ಲಿ ಇಣುಕಿತು. ಎಡಗಡೆ ರೆಕ್ಕೆ, ಬಲಗಡೆ ಬರಿಯ ಕೊಳವೆ. ಇನ್ನು ಮುಂದಕ್ಕೆ ಮನೆಯಲ್ಲಿ ಕೂತು ಮಾಡುವಂಥದ್ದು ಏನೂ ಉಳಿದಿರಲಿಲ್ಲ. ಅದನ್ನು ತಮ್ಮನಿಗೆ ಹೇಗೆ ಹೇಳುವುದೆಂದು ಅವನು ಯೋಚಿಸುತ್ತಿರುವಾಗಲೇ ಸಂದೇಶ ಬಂತು. "ಹೊಳೆಬಾಗಿಲಿನ ಕಡೆ ಹಿನ್ನೀರು ಇಳಿದು ಬಯಲಾಗಿದೆ. ಭಾನುವಾರ ನಾನು ಹೋಗ್ತೀನಿ. ನೀವು ಬರೋದಾದ್ರೆ ಬನ್ನಿ."

ಭಾನುವಾರ ಪರಿಚಯದವರ ಪಿಕಪ್ ಗಾಡಿಯಲ್ಲಿ ಒಡಲನ್ನು ಹಾಸಿಗೆಯ ಮೇಲೆ ಮಲಗಿಸಿ, ಎಡರೆಕ್ಕೆಯನ್ನು ಕಂಬಳಿಯಲ್ಲಿ ಸುತ್ತಿ ದಿನೇಶ ಹೊರಟ. ಗುತ್ಯಮ್ಮ ತಾನೂ ಬರುವೆನೆಂದು ಮುಂದೆ ಹತ್ತಿ ಕೂತಳು. ದಾರಿಯುದ್ದಕ್ಕೂ ದಿನೇಶ ವಿಮಾನದ ಬಗ್ಗೆ ಯೋಚಿಸಲಿಲ್ಲ. ಎದುರಾಬದುರು ನಿಂತಾಗ ಅಂವ ಏನೆಂದು ಕರೆದಾನು ಎಂದೇ ಯೋಚಿಸಿದ. ಬರವಣಿಗೆಯಲ್ಲಿ ನೀವು ಅನ್ನುವುದು ಸುಲಭ. ಮುಖ ನೋಡಿ ಅನ್ನುವುದಕ್ಕೆ ಗುಂಡಿಗೆ ಬೇಕು.

ಕಿರಣನಿಗೆ ಗುಂಡಿಗೆ ಇತ್ತು. "ಬಂದ್ರಾ," ಅಂದ. ಬಂದ್ಯಾ ಅಲ್ಲ, ಬಂದ್ರಾ.

ಮಳೆಗಾಲದಲ್ಲಿ ನೀರು ತುಂಬುವ ಜಾಗ ಈಗ ಕಣ್ಣು ಹಾಯುವಷ್ಟು ದೂರ ಒಣಗಿ, ಗಿಡ್ಡ ಹುಲ್ಲು ಹುಟ್ಟಿ, ಅಲ್ಲಲ್ಲಿ ಹಳೇ ಮರದ ಬುಡಗಳು ಮಾತ್ರ ಕಾಣುತ್ತಿದ್ದವು. ಗುತ್ಯಮ್ಮ ಕೊಡೆ ಬಿಚ್ಚಿಕೊಂಡು ಒಂದು ಬುಡದ ಮೇಲೆ ಕೂತಳು. ಅಣ್ಣತಮ್ಮಂದಿರು ಚಾಪೆ ಹಾಸಿ ಕೆಲಸಕ್ಕಿಳಿದರು. ಬಾಲವನ್ನು ಒಡಲಿನ ಸೀಳಿಗೆ ಸೇರಿಸಿ ತಿರುಪು ಬಿಗಿದರು. ಚಕ್ರ ಕೂರಿಸಿದರು. ಕೊಳವೆಯ ಎರಡೂ ಬದಿಯಿಂದ ಇಬ್ಬರೂ ಒಟ್ಟಿಗೆ ರೆಕ್ಕೆಗಳನ್ನು ತಳ್ಳಿದರು. ಎರಡು ಊರಿನಲ್ಲಿ ಬೇರೆ ಬೇರೆ ಕೈಗಳು ಕಟ್ಟಿದ್ದವು ಒಡಲಿಗೆ ಬಂದು ಅಂಟಿದಾಗ ನಡುವೆ ಉಗುರು ತೂರುವಷ್ಟೂ ಸಂದಿ ಇರಲಿಲ್ಲ. ದಿನೇಶನಿಗೆ ಏನಾದರೂ ಹೇಳಬೇಕೆನಿಸಿತು.

"ಚೊಲೋ ಕೂತಿದೆ," ಅಂದ, ವಿಮಾನಕ್ಕೆ.

"ಹೌದು. ನೀವು ರಂಧ್ರ ತೀಡಿದ್ದು ಒಳ್ಳೇದಾಯ್ತು," ಅಂದ ಕಿರಣ.

ತೂಕ ಸರಿಯಿದೆಯೇ ಎಂದು ನೋಡಲು ಇಬ್ಬರೂ ಆಚೀಚೆ ನಿಂತು ರೆಕ್ಕೆಯ ಕೆಳಗೆ ಒಂದೊಂದು ಬೆರಳು ಕೊಟ್ಟು ಎತ್ತಿದರು. ಬ್ಯಾಟರಿಯನ್ನು ಮೂಗಿನ ಕಡೆ ಸ್ವಲ್ಪ ಸರಿಸಿದ ಮೇಲೆ ವಿಮಾನ ಇಬ್ಬರ ಬೆರಳ ಮೇಲೆ ಮಟ್ಟಸವಾಗಿ ನಿಂತಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕೆಳಗಿಟ್ಟರು.

"ಡ್ರೋನ್ ಕೈ ಪಳಗಿದೆ. ರಿಮೋಟ್ ಅಲ್ಲೇ ಇರ್ಲಿ," ಅಂದ ದಿನೇಶ, ಅದೇ ಭಾಷೆಯಲ್ಲಿ. ಕಿರಣ ತಲೆಯಾಡಿಸಿ ರಿಮೋಟನ್ನು ಕೊರಳಿಗೆ ಹಾಕಿಕೊಂಡ.

ವಿಮಾನ ಹುಲ್ಲಿನ ಮೇಲೆ ಕುಪ್ಪಳಿಸುತ್ತ ಓಡಿತು, ಬಾಲ ಎತ್ತಿತು, ಯಾವಾಗ ನೆಲ ಬಿಟ್ಟಿತೆಂದು ತಿಳಿಯುವ ಮೊದಲೇ ಕೊಡೆಯ ಮೇಲಿಂದ ಹಾದುಹೋಯಿತು. ಗುತ್ಯಮ್ಮ ಕೊಡೆ ಮಡಚಿ ಎದ್ದು ನಿಂತು, "ಅಯ್ಯಯ್ಯೋ, ಹೋತಲಾ!" ಎಂದು ಕೂಗಿದಳು. ದಿನೇಶ ಹಣೆಗೆ ಕೈ ಅಡ್ಡ ಹಿಡಿದು ಅದನ್ನೇ ನೋಡಿದ. ಅಷ್ಟು ದೊಡ್ಡದು, ಅಷ್ಟು ಸಲೀಸಾಗಿ! ಒಂದು ಸುತ್ತು ಬಂತು. ಎರಡನೇ ಸುತ್ತಿಗೆ ಕಿರಣ ಅದನ್ನು ಕೆಳಕ್ಕೆ ತಂದು, ಓರೆ ಮಾಡಿ ತಿರುಗಿಸತೊಡಗಿದ. ಆಗ ಬಿಸಿಲು ಅವನ ಕಣ್ಣಿಗೆ ನೇರವಾಗಿ ಹೊಡೆಯಿತು. ಟೋಪಿಯನ್ನು ಹಣೆಗೆ ಎಳೆದುಕೊಳ್ಳಲೆಂದು ಅವನು ರಿಮೋಟಿನ ಎರಡೂ ಕಡ್ಡಿಗಳಿಂದ ಕೈ ತೆಗೆದ.

ಡ್ರೋನ್ ಆಗಿದ್ದರೆ ಏನೂ ಆಗುತ್ತಿರಲಿಲ್ಲ. ಕೈ ತೆಗೆದರೆ ಅದು ಇದ್ದಲ್ಲೇ ಗಾಳಿಯಲ್ಲಿ ನಿಂತು ಕಾಯುತ್ತದೆ. ವರ್ಷಗಟ್ಟಲೆ ಮದುವೆಗಳಲ್ಲಿ ಕಿರಣನ ಕೈಗೆ ಅದೇ ರೂಢಿ. ವಿಮಾನ ಯಾರಿಗೂ ಕಾಯುವುದಿಲ್ಲ. ಓರೆಯಾಗಿದ್ದದ್ದು ಇನ್ನಷ್ಟು ಓರೆಯಾಗಿ, ಮೂಗು ಕೆಳಗೆ ಮಾಡಿತು.

"ಏಯ್! ಕೈ ಬಿಟ್ಯಲ್ಲೋ ಕತ್ತೆ! ಎಳಿಯಾ, ಎಳಿ!" ದಿನೇಶನ ಗಂಟಲು ಬಿರಿಯಿತು.

ಕಿರಣ ಕಡ್ಡಿ ಹಿಡಿದ, ಎಳೆದ, ಆದರೆ ಹೊತ್ತು ಮೀರಿತ್ತು. ಎಡರೆಕ್ಕೆಯ ತುದಿ ಹುಲ್ಲಿಗೆ ತಾಗಿತು. ವಿಮಾನ ಒಮ್ಮೆ ಲಾಗ ಹೊಡೆದು, ತುಂಡುಗಳನ್ನು ಚೆಲ್ಲುತ್ತ ಹೋಗಿ ಮಕಾಡೆ ಬಿದ್ದಿತು. ಪ್ರೊಪೆಲ್ಲರಿನ ಸದ್ದು ನಿಂತಿತು.

ಕಿರಣ ವಿಮಾನದ ಕಡೆ ನೋಡಲೇ ಇಲ್ಲ. ಅಣ್ಣನ ಕಡೆ ತಿರುಗಿದ. ಮುಖ ಕೆಂಡವಾಗಿತ್ತು.

"ಕೈ ಬಿಟ್ಟಿದ್ದು ನಾನಾ? ನಾನಾ ಕೈ ಬಿಟ್ಟಿದ್ದು? ನೀನು!"

"ನಾನೆಂತ ಮಾಡ್ದೆ? ರಿಮೋಟ್ ನಿನ್ ಕೈಲಿತ್ತು!"

"ರಿಮೋಟ್ ವಿಷ್ಯ ಅಲ್ಲ ನಾ ಹೇಳಿದ್ದು. ಹಿಸ್ಸೆ ದಿನ ಮಾವ ಕೇಳ್ದ, ಜಮೀನಿನ ಕೆಳಗಿನ ತುಂಡು ಯಾರಿಗೆ ಅಂತ. ಎಂತ ಅಂದೆ ನೀನು? ‘ಅವರಿಗೆ ಕೊಡಿ’ ಅಂದೆ. ನಿನ್ನ ಪಕ್ಕದಲ್ಲೇ ಕೂತಿದ್ದೆ ನಾನು, ಒಂದೇ ಚಾಪೆ ಮೇಲೆ! ಅವರಿಗೆ ಅಂತೆ! ಯಾರಾ ಅವರು? ನಿಂಗೆ ನಾನು ಯಾವತ್ತಿಂದ ಅವರಾದೆ?"

ದಿನೇಶನಿಗೆ ಈಗ ನೆನಪಾಯಿತು. ಅಂದಿದ್ದ. ನಾಲ್ಕು ಜನ ಹಿರಿಯರು ಕೂತ ಜಾಗ, ಪತ್ರ ಬರೆಯುವಂಥ ಮಾತು, ಎಲ್ಲರೂ ಹಾಗೇ ಮಾತಾಡುತ್ತಿದ್ದರು. ಸಭೆಗೆ ತಕ್ಕ ಮರ್ಯಾದೆಯಲ್ಲವೇ ಎಂದು ಅವನ ನಾಲಿಗೆ ತಾನಾಗಿ ಅಂದುಬಿಟ್ಟಿತ್ತು. ಆಮೇಲೆ ನೆನಪೂ ಇರಲಿಲ್ಲ. ತಮ್ಮನ ನೀವು ಎಲ್ಲಿಂದ ಬಂತೆಂದು ಎರಡು ವರ್ಷ ತಲೆ ಕೆಡಿಸಿಕೊಂಡಿದ್ದನಲ್ಲ, ಅದು ಬಂದದ್ದು ತನ್ನ ಬಾಯಿಂದಲೇ. ಅವನಿಗೆ ನಾಚಿಕೆಯಾಯಿತು. ಅದರ ಜೊತೆಗೇ, ಎದುರಿಗೆ ನಿಂತು ಇವನು ಬಾಯಿತುಂಬ ನೀನು, ನೀನು ಎಂದು ಬೈಯುತ್ತಿರುವುದು ಕಿವಿಗೆ ಬಿದ್ದು ಎಂಥದೋ ಹಿತವೂ ಆಯಿತು.

"ಬಾಯಿ ತಪ್ಪಿ ಬಂತಾ ಮಾರಾಯ," ಅಂದ. ಧ್ವನಿ ಸಣ್ಣಗಿತ್ತು.

"ತಪ್ಪಿ ಬಂತಂತೆ. ಎರಡು ವರ್ಷ ಆದ್ಮೇಲೆ ಹೇಳು." ಕಿರಣ ರಿಮೋಟನ್ನು ಕೊರಳಿಂದ ತೆಗೆದು ಚಾಪೆಯ ಮೇಲೆ ಎಸೆದ. ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ.

ದೂರದಿಂದ ಗುತ್ಯಮ್ಮ ಕೂಗಿದಳು, "ಪೂರಾ ಹೋತನಾ?"

"ಎಡಗಡೆದು ಹೋತು ಅವ್ವ," ಅಂದ ದಿನೇಶ.

ಕಿರಣ ಆಗಲೇ ಬಯಲಿನ ಕಡೆ ದಾಪುಗಾಲು ಹಾಕಿದ್ದ. ನಾಲ್ಕು ಹೆಜ್ಜೆ ಹೋದವನು, ಅಣ್ಣ ಇನ್ನೂ ಅಲ್ಲೇ ಕಂಬದ ಹಾಗೆ ನಿಂತದ್ದು ಕಂಡು ತಿರುಗಿದ.

"ನಿಂತ್ಕಂಡು ಎಂತ ನೋಡ್ತೀಯ, ಬಾರಾ. ಬ್ಯಾಟರಿ ಹಾರಿ ಬಿತ್ತು. ನೀನು ಆ ಕಡೆ ಹುಡುಕು, ನಾನು ಈ ಕಡೆ ನೋಡ್ತೀನಿ."

ದಿನೇಶ ಆ ಕಡೆ ಹುಡುಕಲು ಹೋದ.